ಗಲಾಟೆ ಇಲ್ಲ ಎಂದವನ ಹರಿದ ಅಂಗಿ

2024ರ ಮಳೆಗಾಲ ಮುಗಿದ ಮೇಲೆ ಕೆಲವು ತಿಂಗಳು ಬಾರ್‌ಗಳ ಬಾಗಿಲು ಕಾಯುವವರನ್ನು ಮಾತಾಡಿಸುವುದೇ ನನ್ನ ಕೆಲಸವಾಗಿತ್ತು. ರಾತ್ರಿಯ ಹೊಡೆದಾಟ ಎಲ್ಲಿಂದ ಹುಟ್ಟುತ್ತದೆ, ಬಾಗಿಲಲ್ಲಿ ನಿಂತವನಿಗೆ ಅದು ಹೇಗೆ ಕಾಣುತ್ತದೆ ಎಂದು ತಿಳಿಯುವ ಒಂದು ಅಧ್ಯಯನಕ್ಕೆ ಸಂದರ್ಶನಗಳು ಬೇಕಿದ್ದವು. ಇತ್ತ ಕಾರವಾರ, ಗೋಕರ್ಣ; ಗಡಿಯ ಮಾಜಾಳಿ ದಾಟಿದರೆ ಗೋವಾದ ಕಾಣಕೋಣ, ಪಾಲೋಲೆಂ. ನಾನು ಮಾತಾಡಿಸಿದ ಕಾರವಾರದ ಹುಡುಗರಲ್ಲಿ ಹೆಚ್ಚಿನವರು ಸಂಜೆ ಬೈಕ್ ಹತ್ತಿ ಅತ್ತ ಹೋಗಿ ನಡುರಾತ್ರಿ ಮನೆಗೆ ಬರುವವರು.

ಬ್ರಿಟನ್ನಿನಲ್ಲಿ ಸೈಮನ್ ವಿನ್ಲೋ ಎಂಬ ಸಂಶೋಧಕ ತಾನು ಯಾರೆಂದು ಹೇಳದೆ ಬೌನ್ಸರ್ ಕೆಲಸಕ್ಕೇ ಸೇರಿ ಇಂಥ ಅಧ್ಯಯನ ಮಾಡಿದ್ದ. ನನ್ನ ಮೈಕಟ್ಟಿಗೆ ಅದು ಆಗುವ ಮಾತಲ್ಲ. ಬಾಗಿಲಲ್ಲಿ ನಿಂತರೆ ನನ್ನ ವಯಸ್ಸಿನ ದಾಖಲೆಯನ್ನೇ ಕೇಳಿಯಾರು. ಹಾಗಾಗಿ ರೆಕಾರ್ಡರ್, ಒಪ್ಪಿಗೆ ಪತ್ರ, ಪ್ರಶ್ನೆಗಳ ಹಾಳೆ.

ಮೊದಲ ಪ್ರಶ್ನೆಗೇ ಕೆಟ್ಟೆ. “ಇತ್ತೀಚೆಗೆ ಗಲಾಟೆ ಏನಾದ್ರೂ ಆಗಿತ್ತಾ?” ಎಲ್ಲರದ್ದೂ ಒಂದೇ ಉತ್ತರ: “ಇಲ್ಲ ಸರ್, ನಮ್ಮಲ್ಲಿ ಗಲಾಟೆ ಎಂತದೂ ಇಲ್ಲ.” ಎಂಟು ಸಂದರ್ಶನ ಹೀಗೇ ಹೋಯಿತು. ಒಬ್ಬನ ಹುಬ್ಬಿನ ಮೇಲೆ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ. ಅವನೂ ಇಲ್ಲ ಎಂದ, ನಾನೂ ಇಲ್ಲ ಎಂದೇ ಬರೆದುಕೊಂಡೆ. ಮಾರ್ಗದರ್ಶಕರಿಗೆ ಕಳಿಸಿದ ಮೊದಲ ವರದಿಯಲ್ಲಿ ‘ಹಿಂಸೆ ಅಪರೂಪ’ ಎಂಬ ವಾಕ್ಯವಿತ್ತು. ಈಗ ಓದಿದರೆ ನಾಚಿಕೆಯಾಗುತ್ತದೆ.

ದಾರಿ ತೋರಿಸಿದ್ದು ಬಿದ್ದ ಸೇತುವೆ. 2024ರ ಆಗಸ್ಟ್ 7ರ ನಸುಕಿನಲ್ಲಿ, ಸುಮಾರು ಒಂದು ಗಂಟೆಗೆ, ಗೋವಾ–ಕಾರವಾರ ದಾರಿಯಲ್ಲಿ ಕಾಳಿ ನದಿಯ ಹಳೆ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತಲ್ಲ, ಚಾಲಕನನ್ನು ಜೀವಂತ ಮೇಲೆತ್ತಿದರಲ್ಲ. ಗಡಿಯಾಚೆ ದುಡಿಯುವವರು ಮನೆಗೆ ಮರಳುವ ಹೊತ್ತೂ ಅದೇ. ಮಾತು ಶುರುವಾಗಲಿ ಎಂದು, ಕಾರವಾರದ ಕೋಡಿಬಾಗದಿಂದ ಅತ್ತ ಕೆಲಸಕ್ಕೆ ಹೋಗುವ ಒಬ್ಬನಿಗೆ ಸುಮ್ಮನೆ ಕೇಳಿದೆ, ಆ ರಾತ್ರಿ ನೀವು ಎಲ್ಲಿದ್ರಿ?

“ಮನೇಲಿ. ಹನ್ನೊಂದೂವರೆಗೇ ಬಂದಿದ್ದೆ. ಅಂಗಿ ಹರಿದಿತ್ತು, ಹರಿದ ಅಂಗೀಲಿ ಬಾಗಿಲಲ್ಲಿ ನಿಲ್ಲೂಕೆ ಆಗ್ತದಾ? ಮ್ಯಾನೇಜರ್ ಹೋಗು ಅಂದ್ರು. ಇಲ್ಲಾಂದ್ರೆ ಒಂದು ಗಂಟೆಗೆ ನಾನೂ ಅದೇ ಸೇತುವೆ ಮೇಲೆ.”

“ಅಂದ್ರೆ ಅವತ್ತು ಗಲಾಟೆ ಆಗಿತ್ತು?”

“ಛೆ, ಗಲಾಟೆ ಎಲ್ಲಿ! ಒಬ್ಬ ಕಾಲರ್ ಹಿಡ್ದ, ಬಿಡಿಸಿಕೊಂಡೆ. ಅದು ಕಿರಿಕ್.”

ಪೊಲೀಸರು ಬಂದರೆ ಗಲಾಟೆ. ಅಲ್ಲಿಯವರೆಗೆ ಆಗುವುದೆಲ್ಲ ಕಿರಿಕ್. ಕಪಾಳಕ್ಕೆ ಬಿದ್ದದ್ದು, ಬಾಟಲಿ ಒಡೆದದ್ದು, ಮೆಟ್ಟಿಲ ಮೇಲಿಂದ ನೂಕಿದ್ದು ಯಾವುದೂ ಅವರ ಲೆಕ್ಕದಲ್ಲಿ ಗಲಾಟೆಯಲ್ಲ. ಇದು ಬರೀ ಪದದ ವಿಷಯವೂ ಅಲ್ಲ. ಗಲಾಟೆ ಆಗದಂತೆ ನೋಡಿಕೊಳ್ಳುವುದಕ್ಕೇ ಅವರಿಗೆ ಸಂಬಳ. ಆಗಿದೆ ಎಂದು ಒಪ್ಪಿದರೆ ಕೆಲಸ ಬರುವುದಿಲ್ಲ ಎಂದು ಒಪ್ಪಿದ ಹಾಗೆ. ನಾನು ಅಷ್ಟು ದಿನ ಕೇಳುತ್ತಿದ್ದದ್ದು, ‘ನೀನು ಎಷ್ಟು ಸಲ ಸೋತೆ?’ ಎಂದು. ಅದೂ ಮನೆಯಲ್ಲಿ ಕೊಂಕಣಿ ಮಾತಾಡುವವರಿಗೆ, ನನ್ನ ಕುಮಟೆ ಕನ್ನಡದಲ್ಲಿ.

ಹಾಳೆ ಮಡಚಿಟ್ಟೆ. ಆಮೇಲೆ ನಿನ್ನೆಯ ಪಾಳಿಯನ್ನು ಹೊತ್ತು ಹೊತ್ತಾಗಿ ಹೇಳಿಸತೊಡಗಿದೆ. ಎಷ್ಟಕ್ಕೆ ಬಂದಿರಿ, ಮೊದಲು ಯಾರನ್ನು ತಡೆದಿರಿ, ಏನೆಂದು ತಡೆದಿರಿ, ಊಟ ಯಾವಾಗ. ಹಿಂಸೆ ಎಂಬ ಮಾತನ್ನೇ ಎತ್ತಲಿಲ್ಲ. ಪಾಲೋಲೆಂನಲ್ಲಿ ಹೆಡ್‌ಫೋನ್ ಪಾರ್ಟಿಗಳಿವೆ, ರಾತ್ರಿ ಹತ್ತರ ನಂತರ ಧ್ವನಿವರ್ಧಕಕ್ಕೆ ನಿರ್ಬಂಧವಿರುವುದರಿಂದ ಹಾಡು ನೇರ ಕಿವಿಗೇ. ಅಲ್ಲಿ ನಿಂತಿದ್ದವನೊಬ್ಬ ಹೇಳಿದ್ದು ಯಾವ ಪ್ರಶ್ನೆಯ ಹಾಳೆಯಲ್ಲೂ ಸಿಗುವಂಥದ್ದಲ್ಲ: “ಕರೆದ್ರೆ ಕೇಳೂದಿಲ್ಲ. ಹೆಗಲು ಮುಟ್ಟಬೇಕು. ಕುಡಿದವನಿಗೆ ಹಿಂದಿನಿಂದ ಮುಟ್ಟಿದ್ರೆ ಆಯ್ತು ಕಥೆ.” ಅದಕ್ಕೇ ಅವನು ಸುತ್ತು ಹಾಕಿ ಎದುರಿಗೆ ಬಂದು, ಎರಡೂ ಅಂಗೈ ತೋರಿಸುತ್ತ ನಿಲ್ಲುತ್ತಾನಂತೆ. ಯಾರು ಕಲಿಸಿದರು ಎಂದರೆ, ಯಾರೂ ಇಲ್ಲ.

ಖಾಸಗಿ ಭದ್ರತಾ ಏಜೆನ್ಸಿಗಳ 2005ರ ಕಾಯ್ದೆ ಇದೆ. ಅದರ ಕೇಂದ್ರ ಮಾದರಿ ನಿಯಮಗಳಲ್ಲಿ ಗಾರ್ಡ್‌ಗೆ 100 ತಾಸು ಪಾಠ, 60 ತಾಸು ಕ್ಷೇತ್ರ ತರಬೇತಿ ಎಂದಿದೆ. ನಾನು ಮಾತಾಡಿಸಿದವರನ್ನೆಲ್ಲ ಬಾರಿನವರೇ ನೇರವಾಗಿ ಇಟ್ಟುಕೊಂಡಿದ್ದರು. ಅವರ ತರಬೇತಿ ಎಂದರೆ ಮೊದಲ ವಾರ ತಿಂದ ಪೆಟ್ಟು.

ಮೊದಲ ಎಂಟು ಜನರ ಬಳಿಗೆ ಮತ್ತೆ ಹೋದೆ. ಇಬ್ಬರು ಸಿಗಲಿಲ್ಲ, ಒಬ್ಬ ಸಾಕು ಮಾರಾಯ ಎಂದ. ಕೋಡಿಬಾಗದವನನ್ನೂ ಇನ್ನೊಮ್ಮೆ ಕಂಡೆ. ಹರಿದ ಅಂಗಿಯ ಆ ರಾತ್ರಿಯ ಬಳಿಕ ಏನಾದರೂ ಬದಲಾಯಿತಾ ಎಂದು ಕೇಳಿದ್ದಕ್ಕೆ, ಪಕ್ಕದಲ್ಲಿದ್ದ ಚೀಲದ ಜಿಪ್ ಎಳೆದ. ಒಳಗೆ ಇಸ್ತ್ರಿ ಮಾಡಿದ ಎರಡು ಕಪ್ಪು ಅಂಗಿ.

ಮೊದಲ ಸಂದರ್ಶನದ ದಿನವೂ ಆ ಚೀಲ ಮೇಜಿನ ಮೇಲಿತ್ತು. ರೆಕಾರ್ಡರ್ ಇಡಲು ಜಾಗ ಸಾಲದೆಂದು ಅದನ್ನು ಆಚೆ ಸರಿಸಿದ್ದು ನಾನೇ.