ಕೋಟೆ ಒಳಗೆ ಒಂದು ಪ್ರಶ್ನೆ

ಮೊನ್ನೆ ಅಕ್ಕನ ಮಗನ್ನ ಕರ್ಕೊಂಡು ಮಡಿಕೇರಿ ಕೋಟೆಗೆ ಹೋಗಿದ್ದೆ, ಮಳೆ ಜಿಟಿಜಿಟಿ ಅಂತ ಹಿಡ್ಕೊಂಡಿತ್ತು, ಅವನಿಗೆ ಆ ಎರಡು ಕಲ್ಲಾನೆ ಹತ್ರ ಫೋಟೋ ಬೇಕಿತ್ತು ಅಷ್ಟೇ. ನಾನು ಸುಮ್ನೆ ಇರಲಾರದೆ ಹೇಳ್ಬಿಟ್ಟೆ, ಇಲ್ಲೇ ಕಣೋ 1837ರಲ್ಲಿ ಬ್ರಿಟಿಷರು, ತಮ್ಮ ವಿರುದ್ಧ ದಂಗೆ ಎದ್ದ ಗುಡ್ಡೆಮನೆ ಅಪ್ಪಯ್ಯಗೌಡರನ್ನ ಗಲ್ಲಿಗೆ ಹಾಕಿದ್ದು ಅಂತ. ಅವನು ತಟ್ಟನೆ, "ಆಮೇಲೆ ಅವ್ರು ಸಾರಿ ಕೇಳಿದ್ರಾ ಮಾಮ?"

ಏನ್ ಹೇಳ್ಲಿ. ಜಲಿಯನ್‌ವಾಲಾ ಬಾಗ್‌ಗೇ ನೂರು ವರ್ಷ ಆದ್ಮೇಲೆ, 2019ರಲ್ಲಿ, ಆಗಿನ ಬ್ರಿಟನ್ ಪ್ರಧಾನಿ ಥೆರೇಸಾ ಮೇ ಪಾರ್ಲಿಮೆಂಟಲ್ಲಿ ವಿಷಾದ ಅಂದ್ರು, ಕ್ಷಮೆ ಅನ್ನೋ ಪದ ಬರ್ಲೇ ಇಲ್ಲ. ಕೀನ್ಯಾದಲ್ಲಿ ಬ್ರಿಟಿಷರ ವಿರುದ್ಧ ಎದ್ದ ಮೌ ಮೌ ದಂಗೆ ಟೈಮಲ್ಲಿ ಹಿಂಸೆ ಅನುಭವಿಸಿದ ವಯಸ್ಸಾದೋರು ಲಂಡನ್ ಕೋರ್ಟಿಗೇ ಹೋದ್ರು, 2013ರಲ್ಲಿ ಬ್ರಿಟನ್ ಸರ್ಕಾರದೋರು 5,228 ಜನಕ್ಕೆ ಪರಿಹಾರ ಒಪ್ಕೊಂಡ್ರು. ಅಂದ್ರೆ ಕೇಸ್ ಹಾಕಿದ್ಮೇಲೆ ಬಾಯಿ ಬಿಡೋದು! ಜರ್ಮನಿ 2021ರಲ್ಲಿ, ಹಿಂದೆ ತನ್ನ ವಸಾಹತಾಗಿದ್ದ ನಮೀಬಿಯಾದಲ್ಲಿ ಮಾಡಿದ್ದು ನರಮೇಧ ಅಂತ ಒಪ್ಕೊಂಡು 110 ಕೋಟಿ ಯೂರೋ ಕೊಡ್ತೀವಿ ಅಂತು, ಆದ್ರೆ ಅದನ್ನ ಪರಿಹಾರ ಅಂತ ಕರೀಲಿಲ್ಲ, ಆ ನರಮೇಧಕ್ಕೆ ತುತ್ತಾದ ಹೆರೆರೋ, ನಾಮಾ ಜನ ಅದಕ್ಕೇ ಸಿಟ್ಟಾದ್ರು. ನಂಗೇನೋ ಅವರ ಸಿಟ್ಟು ಸರಿ ಅನ್ಸುತ್ತೆ.

ನಮ್ಮ ಕೊಡಗಿನ ಕೊನೇ ರಾಜ ಚಿಕ್ಕವೀರರಾಜನೂ ಲಂಡನ್‌ಗೆ ಹೋಗಿ ತನ್ನ ದುಡ್ಡಿಗೋಸ್ಕರ ಈಸ್ಟ್ ಇಂಡಿಯಾ ಕಂಪನಿ ಮೇಲೆ ಕೇಸ್ ಹಾಕಿದ್ದ, ಅಲ್ಲೇ ಸತ್ತ. ಅವನೇನು ಸಾಧು ಅಲ್ಲ ಬಿಡಿ, ಅದು ಬೇರೆ ಕಥೆ.

ಹುಡುಗನಿಗೆ "ಇಲ್ಲ ಕಣೋ, ಕೇಳಿಲ್ಲ" ಅಂದೆ. "ಮತ್ತೆ ನೀವ್ಯಾರೂ ಕೇಳಿ ಅಂತ ಹೇಳ್ಲಿಲ್ವಾ?" ಅಂದ. ಅಷ್ಟ್ರಲ್ಲಿ ಮಳೆ ಜೋರಾಯ್ತು, ಓಡಿದ್ವಿ.