ಚೌಕಿಯಲ್ಲಿ ಕೂತು ಕಲಿತರೆ ರಂಗಸ್ಥಳ ಕೈಗೆ ಸಿಗುತ್ತದೆ: ಯಕ್ಷಗಾನ ಸ್ಕೆಚ್ ಮಾಡಲು ಹೊರಟವರಿಗೆ

ಸ್ಕೆಚ್ ಪುಸ್ತಕ ಹಿಡಿದು ಕರಾವಳಿಗೆ ಬರುವವರು ನೇರವಾಗಿ ರಂಗಸ್ಥಳದೆದುರಿನ ಮೊದಲ ಸಾಲಿಗೆ ಹೋಗಿ ಕೂರುತ್ತಾರೆ. ಮೊದಲು ಹೋಗಬೇಕಾದದ್ದು ಚೌಕಿಗೆ, ಅಂದರೆ ಕಲಾವಿದರು ಬಣ್ಣ ಹಚ್ಚಿ ವೇಷ ಕಟ್ಟಿಕೊಳ್ಳುವ ಜಾಗಕ್ಕೆ. ಕುಣಿಯುವ ವೇಷ ಕಣ್ಣಿಗೆ ನಿಲ್ಲುವುದು ಕ್ಷಣ ಮಾತ್ರ. ಅದೇ ವೇಷ ಚೌಕಿಯಲ್ಲಿ ಚಕ್ಕಳಮಕ್ಕಳ ಹಾಕಿ, ಕೈಗನ್ನಡಿ ಹಿಡಿದು ಗಂಟೆಗಟ್ಟಲೆ ಕೂತಿರುತ್ತದೆ. ಒಳಗೆ ಏನನ್ನು ಎಲ್ಲಿ ಕಟ್ಟಿದ್ದಾರೆಂದು ತಿಳಿಯದೆ ಗೆರೆ ಎಳೆದರೆ, ಬಟ್ಟೆಯ ಮೂಟೆಗೆ ಕೈಕಾಲು ಸಿಕ್ಕಿಸಿದ ಹಾಗಾಗುತ್ತದೆ.

ಮೇಳಗಳು, ಅಂದರೆ ಯಕ್ಷಗಾನ ತಂಡಗಳು, ನವೆಂಬರ್ ಹೊತ್ತಿಗೆ ತಿರುಗಾಟಕ್ಕೆ ಹೊರಟು, ತಿರುಗಾಟ ಮುಗಿಯುವ ದಿನವಾದ ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ಇವತ್ತು ಯಾವ ಮೇಳದ ಆಟ ಯಾವ ಊರಲ್ಲಿ ಎಂಬುದು ಕರಾವಳಿಯ ದಿನಪತ್ರಿಕೆಗಳಲ್ಲಿ ಬರುತ್ತದೆ. ಯಕ್ಷಗಾನದಲ್ಲಿ ತೆಂಕು (ದಕ್ಷಿಣದ್ದು), ಬಡಗು (ಉತ್ತರದ್ದು) ಎಂದು ಎರಡು ತಿಟ್ಟು, ಅಂದರೆ ಶೈಲಿ. ತೆಂಕಿಗೆ ಕಟೀಲು, ಬಡಗಿಗೆ ಮಂದಾರ್ತಿ ಮೇಳಗಳ ಆಟ ಹುಡುಕಿ. ಎರಡೂ ತಿಟ್ಟಿಗೆ ತಲಾ ಎರಡು ರಾತ್ರಿ ಇಟ್ಟುಕೊಳ್ಳಿ. ಒಂದೇ ರಾತ್ರಿ ಸಾಲದು, ಮೊದಲನೆಯದು ಕಣ್ಣು ಪಳಗಿಸುವುದಕ್ಕೇ ಹೋಗುತ್ತದೆ. ಬೆಳಗಿನವರೆಗಿನ ಆಟವೋ, ರಾತ್ರಿಯೇ ಮುಗಿಯುವ ಕಾಲಮಿತಿಯೋ ಎಂದು ಮೊದಲೇ ಕೇಳಿಕೊಳ್ಳಿ. ಕಾಲಮಿತಿ ಆಟ ಮುಗಿಯುವ ಹೊತ್ತಿಗೆ ಹಳ್ಳಿಯಿಂದ ಬಸ್ಸು ಇರುವುದಿಲ್ಲ, ಗಾಡಿ ಗೊತ್ತುಮಾಡಿಕೊಂಡೇ ಹೋಗಬೇಕು.

ಚೌಕಿಗೆ ಸಂಜೆ ಬೆಳಕಿರುವಾಗಲೇ ಹೋಗಿ ಮೇಳದ ಮೆನೇಜರರನ್ನು ಕೇಳಿ. ಚಪ್ಪಲಿ ಹೊರಗೆ. ಅಲ್ಲಿ ದೇವರಿಗೆ ಪೂಜೆಯಾಗುತ್ತದೆ, ಆಗ ಪೆನ್ಸಿಲ್ ಕೆಳಗಿಡಿ. ಕಿರೀಟ, ಗೆಜ್ಜೆ ಮುಟ್ಟಬೇಡಿ, ದಾಟಬೇಡಿ. ಕಲಾವಿದರ ಕನ್ನಡಿಗೂ ದೀಪಕ್ಕೂ ನಡುವೆ ಕೂತರೆ ಅವರ ಮುಖದ ಮೇಲೆ ನಿಮ್ಮ ನೆರಳು ಬಿದ್ದು ಬಣ್ಣ ಕೆಡುತ್ತದೆ. ಅವರ ಪಕ್ಕಕ್ಕೆ, ಸ್ವಲ್ಪ ಹಿಂದೆ ಸರಿದು ಕೂತರೆ ಮುಖವೂ ಕನ್ನಡಿಯೂ ಒಟ್ಟಿಗೆ ಸಿಗುತ್ತವೆ. ಕಣ್ಣಿನ ಗೆರೆ ಎಳೆಯುವಾಗ ಮಾತಾಡಿಸಲೇಬೇಡಿ.

ತೆಂಕಿನ ಬಣ್ಣದ ವೇಷವಿದ್ದರೆ, ಅಂದರೆ ರಾಕ್ಷಸ ಪಾತ್ರವಿದ್ದರೆ, ಬೇರೆಲ್ಲ ಬಿಟ್ಟು ಅಲ್ಲೇ ಕೂರಿ. ಅಕ್ಕಿಹಿಟ್ಟಿಗೆ ಸುಣ್ಣ ಸೇರಿಸಿ ಕಲಸಿದ್ದನ್ನು ಕಡ್ಡಿಯಿಂದ ಚುಕ್ಕಿ ಚುಕ್ಕಿಯಾಗಿ ಇಡುತ್ತಾರೆ. ಒಣಗಿದ ಮೇಲೆ ಅದರ ಮೇಲೊಂದು, ಮತ್ತೊಂದು. ಹೀಗೆ ಮುಳ್ಳಿನಂತೆ ಎದ್ದು ನಿಲ್ಲುವುದೇ ಚುಟ್ಟಿ. ಇದಕ್ಕೆ ಎರಡು ಮೂರು ಗಂಟೆ ಹಿಡಿಯುವುದುಂಟು. ಹಾಳೆಯನ್ನು ನಾಲ್ಕು ಭಾಗ ಮಾಡಿ, ಅರ್ಧ ಗಂಟೆಗೊಂದರಂತೆ ಅದೇ ಮುಖವನ್ನು ಬಿಡಿಸಿ. ಕಡೆಯ ಭಾಗಕ್ಕೆ ಬರುವಾಗ ಯಾವ ಗೆರೆ ಮೂಗಿನದು, ಯಾವುದು ಬಣ್ಣದ್ದು ಎಂದು ಕೈಗೇ ಗೊತ್ತಾಗಿರುತ್ತದೆ. ಬಡಗಿನಲ್ಲಿ ಮುಂಡಾಸು, ಕೇದಗೆ ಮುಂದಲೆ ಕಟ್ಟುವುದನ್ನು ತಪ್ಪಿಸಿಕೊಳ್ಳಬೇಡಿ. ಅವು ಸಿದ್ಧ ಟೋಪಿಗಳಲ್ಲ, ಪ್ರತಿ ರಾತ್ರಿ ತಲೆಯ ಮೇಲೇ ಕಟ್ಟುವಂಥವು. ಬಟ್ಟೆ ಸುತ್ತುವ ದಿಕ್ಕು ಗುರುತಿಸಿಕೊಂಡರೆ ಪಟ್ಟಿಗಳ ಗೆರೆ ಎಂದೂ ತಪ್ಪುವುದಿಲ್ಲ.

ರಂಗಸ್ಥಳದೆದುರು ಹೆಚ್ಚಿನವರು ಎಡವುವುದು ಮುಖದಿಂದ ಶುರುಮಾಡುವುದರಿಂದ. ಕಿರೀಟಕ್ಕೆ ಮುಖದಷ್ಟೋ ಅದಕ್ಕೂ ಹೆಚ್ಚೋ ಎತ್ತರವಿರುತ್ತದೆ, ಹಾಳೆ ಮೇಲುಗಡೆ ಮುಗಿದುಹೋಗುತ್ತದೆ. ಕಿರೀಟದ ತುದಿ, ಭುಜದ ಮೇಲಿನ ಆಭರಣವಾದ ಭುಜಕೀರ್ತಿಗಳ ಅಗಲ, ಪಾದ ಇಷ್ಟನ್ನು ಮೊದಲು ಗುರುತು ಹಾಕಿ, ಆಮೇಲೆ ಸೊಂಟದ ಡಾಬು. ಮುಖ ಕಡೆಗಿರಲಿ, ಅದನ್ನು ಚೌಕಿಯಲ್ಲೇ ಕಲಿತಾಗಿದೆ.

ಕುಣಿತಕ್ಕೆ ಹೆದರಬೇಕಿಲ್ಲ. ಹಾಡುವ ಭಾಗವತರು ಪದ ಎತ್ತಿಕೊಂಡಾಗ ಅದೇ ಹೆಜ್ಜೆ ಮತ್ತೆ ಮತ್ತೆ ಬರುತ್ತದೆ. ಒಂದೇ ಹಾಳೆಯಲ್ಲಿ ನಾಲ್ಕು ಭಂಗಿ ಅರ್ಧರ್ಧ ಶುರುಮಾಡಿ. ಯಾವುದು ಮರಳಿ ಬಂತೋ ಅದಕ್ಕೆ ಎರಡು ಗೆರೆ ಸೇರಿಸಿ. ಗಿರಗಿರ ಸುತ್ತಿ ಹಾರುವ ಧೀಂಗಿಣದಲ್ಲಿ ಅಂಗಾಂಗ ಹುಡುಕಬೇಡಿ, ಬಟ್ಟೆ ಬಿಚ್ಚಿಕೊಳ್ಳುವ ಸುತ್ತು ಮಾತ್ರ ಸಾಕು. ಪದ ಮುಗಿದು ಮಾತು ಶುರುವಾದಾಗ ವೇಷ ಬಹುಮಟ್ಟಿಗೆ ನಿಂತಲ್ಲೇ ಇರುತ್ತದೆ. ರಾಜವೇಷ ರಥದ (ರಂಗಸ್ಥಳದ ಆಸನದ) ಮೇಲೆ ಕೂತು ಪೀಠಿಕೆ ಹೇಳುವಾಗಲಂತೂ ನಿಧಾನವಾಗಿ ಇಡೀ ಚಿತ್ರ ತೆಗೆಯಬಹುದು. ಇಷ್ಟು ಒಳ್ಳೆಯ ಮಾಡೆಲ್ ಕಲಾಶಾಲೆಯಲ್ಲೂ ಸಿಗುವುದು ಕಷ್ಟ. ಕೈ ಸೋತರೆ ಹಾಡು, ವಾದ್ಯದವರಿರುವ ಹಿಮ್ಮೇಳಕ್ಕೆ ತಿರುಗಿ: ತೆಂಕಿನ ಚೆಂಡೆಯವರು ಹೆಗಲಿಗೆ ಹಾಕಿ ನಿಂತು ಬಾರಿಸುತ್ತಾರೆ, ಬಡಗಿನವರು ಕೂತು. ಈ ಒಂದು ವ್ಯತ್ಯಾಸ ತಪ್ಪಿದರೆ ನೋಡಿದವರು ಚಿತ್ರವನ್ನೇ ನಂಬುವುದಿಲ್ಲ.

ಸಾಮಾನು ಕಡಿಮೆ ಇರಲಿ. ಎ5 ಅಳತೆಯ ಪುಸ್ತಕ ಒಂದು, 4ಬಿ ಪೆನ್ಸಿಲ್ ಎರಡು, ನೀರಿಗೆ ಕರಗದ ಶಾಯಿಯ ಪೆನ್ನೊಂದು, ಗಾಳಿಗೆ ಹಾಳೆ ಹಿಡಿಯಲು ಎರಡು ಕ್ಲಿಪ್ಪು. ಹಣೆಗೆ ಕಟ್ಟುವ ಟಾರ್ಚ್ ಬೇಡ, ತಲೆ ಎತ್ತಿದಾಗಲೆಲ್ಲ ವೇಷಧಾರಿಯ ಕಣ್ಣಿಗೆ ಹೊಡೆಯುತ್ತದೆ. ಪುಸ್ತಕಕ್ಕೆ ಸಿಕ್ಕಿಸುವ ಸಣ್ಣ ದೀಪವನ್ನು ಕೆಳಮುಖ ಮಾಡಿಕೊಳ್ಳಿ. ಡಿಸೆಂಬರ್, ಜನವರಿಯ ಬಯಲಿನಲ್ಲಿ ನಡುರಾತ್ರಿಯ ಮೇಲೆ ಮಂಜು ಬಿದ್ದು ಹಾಳೆ ಮೆತ್ತಗಾಗುತ್ತದೆ. ಜಲವರ್ಣ ಒಣಗದು, ಪುಟ ಮಗುಚಿದರೆ ಎದುರಿನ ಹಾಳೆಗೆ ಅಂಟುತ್ತದೆ. ಹಳದಿ ದೀಪದಲ್ಲಿ ಹಳದಿಯೂ ಬಿಳಿಯೂ ಒಂದೇ ಥರ ಕಾಣುವುದರಿಂದ ಬಣ್ಣವೂ ಮೋಸ ಮಾಡುತ್ತದೆ. ವೇಷಕ್ಕೆ ಉಡುವ ಕಸೆ ಸೀರೆಯ ಚೌಕುಳಿಗೆ ‘ಕೆಂ’ (ಕೆಂಪು), ‘ಹ’ (ಹಳದಿ), ‘ಕ’ (ಕಪ್ಪು) ಎಂದು ಅಲ್ಲೇ ಬರೆದಿಟ್ಟು ಬಣ್ಣ ಮರುದಿನ ತುಂಬಿ.

ಮಂಗಳವಾದ ತಕ್ಷಣ ಹೊರಡಬೇಡಿ. ಮತ್ತೆ ಚೌಕಿಗೆ ಹೋದರೆ, ಕೊಬ್ಬರಿ ಎಣ್ಣೆ ಹಚ್ಚಿ ಅರ್ಧ ಮುಖ ಒರೆಸಿಕೊಂಡ, ಇನ್ನರ್ಧದಲ್ಲಿ ರಾಕ್ಷಸನೇ ಉಳಿದ ವೇಷ ಸಿಗುತ್ತದೆ. ಕಾಲು ಗಂಟೆಯಷ್ಟೇ. ಅದನ್ನು ಬಿಡಿಸಿಕೊಂಡು, ಅವರಿಗೆ ಬಿಡುವಾದ ಮೇಲೆ ರಾತ್ರಿಯ ಹಾಳೆಗಳನ್ನು ತೋರಿಸಿ. ಮೈಗೆ ಕಟ್ಟುವ ವೀರಕಸೆ ಎಲ್ಲಿ ತಪ್ಪಾಗಿ ಹಾದಿದೆ, ಗಂಟು ಯಾವ ಬದಿಗೆ ಬರಬೇಕಿತ್ತು ಎಂದು ಅವರೇ ಬೆರಳಿಟ್ಟು ಹೇಳುತ್ತಾರೆ.