ಮೊದಲ ವಾರ್ಡ್ ಬಿಟ್ಟಿದ್ದು ಯಾವಾಗ, ಯಾಕೆ

ನಮ್ಮ ಕಾಲೇಜಿನ ಜೂನಿಯರ್ ಹುಡುಗಿಯರು ನರ್ಸ್ ಕೆಲಸಕ್ಕೆ ಇಂಗ್ಲೆಂಡಿಗೆ ಬಂದ ಎರಡು ಮೂರು ತಿಂಗಳಿಗೆ ಫೋನ್ ಮಾಡುತ್ತಾರೆ. "ಅಕ್ಕ, ಆಗ್ತಾ ಇಲ್ಲ. ಬಿಟ್ಟುಬಿಡ್ಲಾ?" ನಾನು ಹೌದು ಅನ್ನುವುದಿಲ್ಲ, ಬೇಡ ಅಂತಲೂ ಅನ್ನುವುದಿಲ್ಲ. ನಿನ್ನೆಯ ಡ್ಯೂಟಿಯಲ್ಲಿ ಏನಾಯಿತು ಹೇಳು ಅನ್ನುತ್ತೇನೆ.

ನಾನು ಮಂಗಳೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ಅಲ್ಲೇ ಒಂದು ವರ್ಷ ದುಡಿದು, 2022ರ ನವೆಂಬರಿನಲ್ಲಿ ಇಂಗ್ಲೆಂಡಿನ ಉತ್ತರ ಭಾಗದ ಒಂದು ಸರ್ಕಾರಿ ಆಸ್ಪತ್ರೆಗೆ ಬಂದೆ. ಮೊದಲ ಮೂರು ತಿಂಗಳು ಆಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆಯ ತಯಾರಿಯಲ್ಲೇ ಹೋಯಿತು. ಪಾಸಾಗಿ ಎನ್‌ಎಂಸಿ ಪಿನ್, ಅಂದರೆ ಇಲ್ಲಿಯ ನರ್ಸಿಂಗ್ ಮಂಡಳಿಯ ನೋಂದಣಿ ಸಂಖ್ಯೆ ಬರುವವರೆಗೆ ಬ್ಯಾಂಡ್ 4ರ ಸಂಬಳ, ಬಂದ ಮೇಲೆ ಅದಕ್ಕಿಂತ ಮೇಲಿನ ದರ್ಜೆ, ಬ್ಯಾಂಡ್ 5. ಪಿನ್ ಬಂದ ದಿನ ಊರಿನಲ್ಲಿ ಅಮ್ಮ ಪಾಯಸ ಮಾಡಿದ್ದರು. ಸ್ವಲ್ಪ ದಿನಕ್ಕೆ ವಯಸ್ಸಾದವರ ಮೆಡಿಕಲ್ ವಾರ್ಡಿನಲ್ಲಿ ನನ್ನ ಹೆಸರಿನ ಮುಂದೆ ಎಂಟು ಹಾಸಿಗೆ ಬರೆದಿದ್ದರು.

ಊರಿನ ಆಸ್ಪತ್ರೆಯಲ್ಲಿ ರೋಗಿಯ ಪಕ್ಕ ಮನೆಯವರು ಒಬ್ಬರಾದರೂ ಇರುತ್ತಾರೆ. ಮೈ ಒರೆಸುವುದು, ಗಂಜಿ ಕುಡಿಸುವುದು, ಬೆಡ್‌ಪ್ಯಾನ್ ಇಡುವುದು, ಡ್ರಿಪ್ ಮುಗಿಯಿತು ಅಂತ ಓಡಿ ಬಂದು ಹೇಳುವುದು ಎಲ್ಲ ಅವರೇ. ಇಲ್ಲಿ ಮನೆಯವರು ಭೇಟಿಯ ಹೊತ್ತಿಗೆ ಬಂದು ಹೋಗುತ್ತಾರೆ. ಉಳಿದದ್ದೆಲ್ಲ ನಾವು ಮತ್ತು ಹೆಲ್ತ್‌ಕೇರ್ ಅಸಿಸ್ಟೆಂಟ್‌ಗಳು. ಊಟ ಮಾಡಿಸುತ್ತಿರುವಾಗ ಔಷಧಿ ತಡವಾಗುತ್ತದೆ, ಔಷಧಿ ಕೊಡುವಾಗ ಬೆಲ್ ಹೊಡೆಯುತ್ತದೆ. ಅಲ್ಲಿ ಡಾಕ್ಟರ್ ಹೇಳಿದ್ದನ್ನು ಮಾಡಿ ಅಭ್ಯಾಸ. ಇಲ್ಲಿ ರೋಗಿ ಸರಿಯಿಲ್ಲ ಅನ್ನಿಸಿದರೆ ನಾನೇ ಡಾಕ್ಟರಿಗೆ ಫೋನ್ ಮಾಡಿ, ಹಿನ್ನೆಲೆ ಹೇಳಿ, ನನ್ನ ಅಂದಾಜು ಹೇಳಿ, ಏನು ಬೇಕು ಅಂತ ಕೇಳಬೇಕು. ಮೊದಲ ಸಲ ಹಾಗೆ ಫೋನ್ ಹಿಡಿದಾಗ ಕೈ ನಡುಗಿತ್ತು. ಇದರ ಮೇಲೆ ಭಾಷೆ. ಅಜ್ಜಿಯೊಬ್ಬರು "ಸ್ಪೆಂಡ್ ಎ ಪೆನಿ" ಅಂದರೆ ಶೌಚಾಲಯಕ್ಕೆ ಕರೆದುಕೊಂಡು ಹೋಗು ಎಂದರ್ಥ. ಪರೀಕ್ಷೆಗೆ ಓದಿದ ಇಂಗ್ಲಿಷಿನಲ್ಲಿ ಇದೆಲ್ಲ ಇರಲಿಲ್ಲ.

ಹನ್ನೆರಡೂವರೆ ಗಂಟೆಯ ಡ್ಯೂಟಿ ಮುಗಿಸಿ ಬಸ್ ಸ್ಟಾಪಿನಲ್ಲಿ ನಿಂತು ಅತ್ತ ದಿನಗಳಿವೆ. ಕೊಪ್ಪದ ಹತ್ತಿರ ನಮ್ಮದು ಸಣ್ಣ ಅಡಿಕೆ ತೋಟ. ಅಪ್ಪ ಹೇಳಿದ್ದು ಇಷ್ಟೇ: "ನೆಟ್ಟ ಸಸಿಗೆ ಒಂದ್ ಮಳೆಗಾಲ ಕಳೀಲಿ ಪುಟ್ಟಿ. ಆಮೇಲೆ ನೋಡಣ." ಬ್ಯಾಂಕಿನ ಸಾಲದ ಮಾತು ಅವರು ಎತ್ತಲಿಲ್ಲ. ಎತ್ತದಿದ್ದರೂ ನನ್ನ ತಲೆಯಲ್ಲಿ ಅದಿತ್ತು.

ಆಗ ಶುರು ಮಾಡಿದ್ದು ಒಂದು ನೋಟ್‌ಬುಕ್. ಪ್ರತಿ ಡ್ಯೂಟಿ ಮುಗಿದ ಮೇಲೆ, ರೋಗಿಗಳ ಹೆಸರಿಲ್ಲದೆ, ಆ ದಿನ ಕೆಟ್ಟದ್ದನ್ನು ಬರೆಯುವುದು. ಎಡಗಡೆ "ಗೊತ್ತಿರಲಿಲ್ಲ", ಬಲಗಡೆ "ಕೈ ಸಾಲಲಿಲ್ಲ". ಏಪ್ರಿಲ್, ಮೇ ತಿಂಗಳಲ್ಲಿ ಎಡಗಡೆ ತುಂಬಿ ಹೋಗಿದೆ: ಡ್ರಿಪ್ ಪಂಪಿನ ಅಲಾರ್ಮ್ ನಿಲ್ಲಿಸಲು ಬರಲಿಲ್ಲ, ಡಿಸ್ಚಾರ್ಜ್ ಫಾರ್ಮ್ ಯಾವುದು ಗೊತ್ತಾಗಲಿಲ್ಲ, ಮುಂದಿನ ಪಾಳಿಯವರಿಗೆ ರೋಗಿಗಳ ವಿವರ ಒಪ್ಪಿಸುವ ಹ್ಯಾಂಡೋವರಿನಲ್ಲಿ ತಡವರಿಸಿದೆ. ಸೆಪ್ಟೆಂಬರ್ ಹೊತ್ತಿಗೆ ಎಡಗಡೆ ಬಹುತೇಕ ಖಾಲಿ. ಅಪ್ಪ ಹೇಳಿದ ಮಳೆಗಾಲ ಕಳೆದಿತ್ತು, ಬೇರು ಬಿಟ್ಟಿದ್ದೆ. ಆದರೆ ಬಲಗಡೆಯ ಪಟ್ಟಿ ಒಂದು ಸಾಲೂ ಕಡಿಮೆಯಾಗಿರಲಿಲ್ಲ.

ಇಂಗ್ಲೆಂಡಿನಲ್ಲಿ ಒಬ್ಬ ನರ್ಸ್‌ಗೆ ಇಷ್ಟೇ ರೋಗಿಗಳು ಎಂಬ ಕಾನೂನು ಇಲ್ಲ. ಇಲ್ಲಿಯ ಆರೋಗ್ಯ ಸೇವೆಗೆ ಸಲಹೆ ಕೊಡುವ ನೈಸ್ ಸಂಸ್ಥೆ 2014ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ, ಹಗಲು ಪಾಳಿಯಲ್ಲಿ ಒಬ್ಬರಿಗೆ ಎಂಟಕ್ಕಿಂತ ಹೆಚ್ಚು ರೋಗಿಗಳಾದರೆ ಅಪಾಯ ಹೆಚ್ಚು ಎಂದಿದೆ. ನಮ್ಮಲ್ಲಿ ಹಗಲು ಹತ್ತಾಗುವುದು ಮಾಮೂಲಿ.

ನವೆಂಬರಿನ ಒಂದು ರಾತ್ರಿ 24 ಹಾಸಿಗೆಗೆ ಮೂವರು ನರ್ಸ್ ಇರಬೇಕಿತ್ತು. ಒಬ್ಬರಿಗೆ ಹುಷಾರಿಲ್ಲ, ಬದಲಿಗೆ ಯಾರೂ ಸಿಗಲಿಲ್ಲ. ನನ್ನ ಪಾಲಿಗೆ 12. ಹತ್ತು ಗಂಟೆಗೆ ಒಬ್ಬ ಅಜ್ಜನ ನ್ಯೂಸ್ ಸ್ಕೋರ್ 3 ಇತ್ತು. ಉಸಿರು, ಬಿಪಿ, ನಾಡಿ, ಜ್ವರ ಎಲ್ಲ ಸೇರಿಸಿ ಹಾಕುವ ಅಂಕ ಅದು. 5 ಮುಟ್ಟಿದರೆ ತುರ್ತು, 7 ಆದರೆ ಕೂಡಲೇ ಡಾಕ್ಟರ್ ತಂಡ ಬರಬೇಕು. ಎರಡು ಗಂಟೆಗೆ ಮತ್ತೆ ನೋಡಬೇಕಿತ್ತು. ಆ ಹೊತ್ತಿಗೆ ಇನ್ನೊಂದು ಕಡೆ ಒಬ್ಬರು ಬಿದ್ದರು. ಅವರನ್ನು ಬಿಟ್ಟು ಬರುವ ಹಾಗಿರಲಿಲ್ಲ. ಅಜ್ಜನ ಹತ್ತಿರ ಹೋದಾಗ ನಾಲ್ಕು ಗಂಟೆ, ಸ್ಕೋರ್ 7. ತಂಡ ಬಂತು, ಆಂಟಿಬಯೋಟಿಕ್ ಶುರುವಾಯಿತು, ಅಜ್ಜ ಉಳಿದರು. ಬೆಳಗ್ಗೆ ಮನೆಗೆ ಬಂದು ಯೂನಿಫಾರಂ ಕೂಡ ತೆಗೆಯದೆ ನೆಲದ ಮೇಲೆ ಕೂತಿದ್ದೆ.

ಆಸ್ಪತ್ರೆಯಲ್ಲಿ ಆದ ಅವಘಡಗಳನ್ನು ವರದಿ ಮಾಡುವ ಡೇಟಿಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ದೂರು ದಾಖಲಿಸಿದೆ. ಅದು ನನ್ನ ಮೂರನೆಯದು. ಮೊದಲೆರಡಕ್ಕೆ ಉತ್ತರವೇ ಬಂದಿರಲಿಲ್ಲ. ಈ ಸಲ ಮೇಲಿನವರು ಕರೆದರು. ಸಮಯ ಹೊಂದಿಸಿಕೊಳ್ಳುವುದನ್ನು ಕಲಿಯಲು ನನಗೆ ತರಬೇತಿ ಕೊಡಿಸುತ್ತೇವೆ ಎಂದರು. ಆ ರಾತ್ರಿ ಮೂರನೇ ನರ್ಸ್ ಯಾಕೆ ಇರಲಿಲ್ಲ ಎಂಬುದು ಮಾತಿಗೇ ಬರಲಿಲ್ಲ. ಇಲ್ಲಿಯ ಆಸ್ಪತ್ರೆಗಳಲ್ಲಿ ಇಂಥದ್ದನ್ನು ಕೇಳಿಸಿಕೊಳ್ಳಲು ಫ್ರೀಡಂ ಟು ಸ್ಪೀಕ್ ಅಪ್ ಗಾರ್ಡಿಯನ್ ಎಂಬ ಹುದ್ದೆಯಿದೆ. ಅವರ ಬಳಿಯೂ ಹೋದೆ. ಅವರು ಮನಸ್ಸಿಟ್ಟು ಕೇಳಿ ಬರೆದುಕೊಂಡರು. ಡಿಸೆಂಬರಿನ ರೋಸ್ಟರ್, ಅಂದರೆ ಡ್ಯೂಟಿ ಪಟ್ಟಿ ಮಾತ್ರ ಹಾಗೆಯೇ ಇತ್ತು. ನಾನು ಬಿಡಬೇಕು ಅಂತ ತೀರ್ಮಾನಿಸಿದ್ದು ಆ ರೋಸ್ಟರ್ ನೋಡಿದ ದಿನ. ಅದು ರಜೆಯ ದಿನವಾಗಿತ್ತು, ಚೆನ್ನಾಗಿ ನಿದ್ದೆಯೂ ಆಗಿತ್ತು. ನೈಟ್ ಮುಗಿಸಿ ಬಂದ ಬೆಳಗ್ಗೆ ನಾನು ಯಾವ ತೀರ್ಮಾನವನ್ನೂ ಮಾಡುವುದಿಲ್ಲ.

ಬಿಡುವುದು ಊರಿನಲ್ಲಿ ಬಿಟ್ಟ ಹಾಗಲ್ಲ. ವೀಸಾ ಆಸ್ಪತ್ರೆಗೆ ಅಂಟಿಕೊಂಡಿರುತ್ತದೆ. ಕೆಲಸ ನಿಂತರೆ ಆಸ್ಪತ್ರೆ ವೀಸಾ ನೋಡಿಕೊಳ್ಳುವ ಇಲಾಖೆಯಾದ ಹೋಮ್ ಆಫೀಸಿಗೆ ತಿಳಿಸುತ್ತದೆ, ಆಮೇಲೆ ಸಾಮಾನ್ಯವಾಗಿ 60 ದಿನ ಸಿಗುತ್ತದೆ. ಅಷ್ಟರಲ್ಲಿ ಹೊಸ ಸ್ಪಾನ್ಸರ್, ಅಂದರೆ ವೀಸಾದ ಹೊಣೆ ಹೊರುವ ಇನ್ನೊಂದು ಆಸ್ಪತ್ರೆ ಸಿಗಬೇಕು, ಇಲ್ಲವೇ ವಾಪಸ್. ಅದಕ್ಕೇ ಸಿಟ್ಟಿನಲ್ಲಿ ರಾಜೀನಾಮೆ ಬರೆಯಬೇಡಿ. ಮೊದಲು ಇಂಟರ್‌ವ್ಯೂ, ಆಮೇಲೆ ಹೊಸ ಆಸ್ಪತ್ರೆಯ ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್, ಅದರ ಮೇಲೆ ಹೊಸ ವೀಸಾ ಅರ್ಜಿ. ಒಪ್ಪಿಗೆ ಬರುವವರೆಗೆ ಹಳೆಯ ಕೆಲಸದಲ್ಲೇ ಇರಬಹುದು. ಎಷ್ಟೇ ಬೇಸರವಾದರೂ ಹ್ಯಾಂಡೋವರ್ ತೆಗೆದುಕೊಂಡ ಮೇಲೆ ನಡುವೆ ಎದ್ದು ಹೋಗಬೇಡಿ, ರೋಗಿಗಳೂ ಅಪಾಯಕ್ಕೆ ಸಿಲುಕುತ್ತಾರೆ, ನಿಮ್ಮ ಪಿನ್ನೂ.

ಇನ್ನೊಂದು ದುಡ್ಡಿನ ವಿಷಯ. ಬರುವಾಗ ಸಹಿ ಹಾಕಿದ ಕರಾರಿನಲ್ಲಿ, ಇಂತಿಷ್ಟು ಕಾಲಕ್ಕೆ ಮೊದಲೇ ಬಿಟ್ಟರೆ ವಿಮಾನದ ಟಿಕೆಟ್, ವೀಸಾ, ಪರೀಕ್ಷೆಯ ಖರ್ಚು ಹಿಂದಿರುಗಿಸಬೇಕು ಎಂದಿತ್ತು. ಸಹಿ ಹಾಕುವ ದಿನ ನಾನದನ್ನು ಓದಿರಲಿಲ್ಲ. ಇಲ್ಲಿಯ ಸರ್ಕಾರದ ನೇಮಕಾತಿ ಸಂಹಿತೆಯ ಪ್ರಕಾರ ಆ ಮೊತ್ತ ಕೆಲಸ ಮಾಡಿದಷ್ಟು ಕಾಲಕ್ಕೆ ಇಳಿಯುತ್ತಾ ಹೋಗಬೇಕು. ಆರ್‌ಸಿಎನ್ ಎಂಬ ನರ್ಸ್‌ಗಳ ಯೂನಿಯನ್ನಿನವರು ನನ್ನ ಕರಾರು ಓದಿ, ಲೆಕ್ಕ ಕೇಳಿ ಪತ್ರ ಬರೆಯಲು ನೆರವಾದರು. ಉಳಿದದ್ದನ್ನು ಕಂತಿನಲ್ಲಿ ಕಟ್ಟಿದೆ. ಬಂದ ವಾರವೇ ಯೂನಿಯನ್ ಸೇರಿಕೊಳ್ಳಿ, ತೊಂದರೆ ಶುರುವಾದ ಮೇಲೆ ಸೇರಿದರೆ ಆ ತೊಂದರೆಗೆ ಅವರ ನೆರವು ಸಿಗುವುದು ಕಷ್ಟ.

2024ರ ಫೆಬ್ರವರಿಯಿಂದ ಬೇರೆ ಊರಿನ ವಾರ್ಡಿನಲ್ಲಿದ್ದೇನೆ. ಇಲ್ಲೂ ಜನ ಕಡಿಮೆ ಬೀಳುವ ದಿನಗಳಿವೆ. ಅಂಥ ದಿನ ಮ್ಯಾನೇಜರ್ ತಾವೇ ಏಪ್ರನ್ ಕಟ್ಟಿಕೊಂಡು ಒಂದು ಸಾಲು ರೋಗಿಗಳನ್ನು ತೆಗೆದುಕೊಳ್ಳುತ್ತಾರೆ.

ಕಳೆದ ತಿಂಗಳು ಹಾಸನದ ಒಬ್ಬಳು ಫೋನ್ ಮಾಡಿ ಅತ್ತಳು. ಬಂದು ಎರಡು ತಿಂಗಳಾಗಿದೆ ಅವಳಿಗೆ. ಎರಡು ಪಟ್ಟಿ ಬರೆ ಅಂದೆ. ಮೊನ್ನೆ ಅದರ ಫೋಟೋ ಕಳಿಸಿದಳು. ಎಲ್ಲ ಎಡಗಡೆಯೇ ಇತ್ತು, ಬಲಗಡೆ ಎರಡೇ ಸಾಲು. ಸದ್ಯಕ್ಕೆ ಇರು ಮಾರಾಯ್ತಿ, ಭಾನುವಾರ ನಾನೇ ಬರ್ತೇನೆ, ಪಂಪ್ ಹಾಕೋದು ಹೇಳಿಕೊಡ್ತೇನೆ ಅಂದೆ.